ಒಣ ಚೈತ್ರದಲ್ಲಿ ಎರೆಹುಳ ಉಳಿಸಿಕೊಂಡದ್ದು

ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ಕೋಲ್ಕತ್ತಾದ ನ್ಯೂ ಟೌನ್‌ನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಗಾರ್ಡನ್ ಸೂಪರ್‌ವೈಸರ್ ಅಂತ ಹುದ್ದೆಗಳಿವೆ. ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ. "ಮ್ಯಾಡಮ್, ಹುಲ್ಲು ಒಣಗುತ್ತಿದೆ, ಯಾವ ಗೊಬ್ಬರ ಹಾಕಲಿ?" ಎಂದು ಕೇಳುತ್ತಾರೆ. ಗೊಬ್ಬರದ ಮಾತು ಆಮೇಲೆ, ಮೊದಲು ಸ್ವಲ್ಪ ಮಣ್ಣು ಅಗೆದು ಎರೆಹುಳ ಇದೆಯಾ ನೋಡಿ ಹೇಳು ಅನ್ನುತ್ತೇನೆ. ಹೆಚ್ಚಿನವರು ಮತ್ತೆ ಫೋನ್ ಮಾಡುವುದಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಗೊತ್ತು. ಆದರೆ ಮನಸ್ಸಿನಲ್ಲಿರುವುದನ್ನು ಬರೆಯಲು ನನಗೆ ಬರುವುದು ಇದೊಂದೇ ಭಾಷೆ. ನಮ್ಮ ಕಡೆ ತೋಟಗಾರಿಕೆ ಓದುವ ಮಕ್ಕಳು ಯಾರಾದರೂ ಓದಿಕೊಳ್ಳಲಿ.

ನನ್ನ ಊರು ಹಾವೇರಿ ಕಡೆ. ಧಾರವಾಡದಲ್ಲಿ ಓದಿ, ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿ, ಕೋಲ್ಕತ್ತಾಕ್ಕೆ ಬಂದೆ. ಬೇಹಾಲಾ ದಾಟಿ ದಕ್ಷಿಣಕ್ಕೆ ಹೋದರೆ ಒಂದು ದೊಡ್ಡ ಸಂಶೋಧನಾ ಸಂಸ್ಥೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ತೋಟದ ಮೇಲ್ವಿಚಾರಣೆ ನನ್ನದು. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಮದುವೆಯಾಗಲಿಲ್ಲ. ಬೇಹಾಲಾದಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಮನೆ. ಈಗಲೂ ಅದೇ ಮನೆ. ಇಡೀ ಆಯುಷ್ಯ ಮಣ್ಣಿನ ಕೆಲಸ ಮಾಡಿದವಳಿಗೆ ಸ್ವಂತಕ್ಕೆ ಅಂಗೈಯಗಲ ನೆಲ ಇಲ್ಲ ಎಂದು ಪಕ್ಕದ ಮನೆಯವರು ನಗುತ್ತಾರೆ.

ಗಂಗೆಯ ಬಯಲಿನ ಮಣ್ಣು ಮಳೆಗಾಲದಲ್ಲಿ ಬೆಣ್ಣೆಯಂತಿರುತ್ತದೆ. ದೀಪಾವಳಿಯ ನಂತರ ಮಳೆ ನಿಲ್ಲುತ್ತದೆ. ಫಾಲ್ಗುಣ ಬರುವಷ್ಟರಲ್ಲಿ ನೆಲ ಗಟ್ಟಿಯಾಗಿ, ಚೈತ್ರದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾನು ಸೇರಿದ ಮೊದಲ ಬೇಸಿಗೆಯಲ್ಲಿ ಗುಲಾಬಿ ಪಾತಿಯೊಂದನ್ನು ಅಗೆಸುತ್ತಿದ್ದೆ. ಅಗೆಯುತ್ತಿದ್ದವನು ನಿರಾಪದ. ನನಗಿಂತ ಸ್ವಲ್ಪ ದೊಡ್ಡವನು, ಹೆಚ್ಚು ಮಾತಿಲ್ಲದ ಮಾಲಿ. ಮೊಣಕೈ ಆಳದ ಹೆಂಟೆಯೊಂದನ್ನು ಒಡೆದಾಗ ಒಳಗೆ ಪುಟ್ಟ ಗೂಡು. ಅದರಲ್ಲಿ ದಾರದ ಉಂಡೆಯ ಹಾಗೆ ಸುತ್ತಿಕೊಂಡ ಎರೆಹುಳ, ಬಣ್ಣಗೆಟ್ಟು, ಅಲುಗಾಡದೆ.

"ಸತ್ತಿದೆ ದಿದಿ," ಎಂದು ನಿರಾಪದ ಅದನ್ನು ಎಸೆಯಲು ಹೋದ.

ಬರಗಾಲದಲ್ಲಿ ಎರೆಹುಳ ಹೀಗೆ ಆಳಕ್ಕಿಳಿದು, ತನ್ನ ಮೈಯ ಲೋಳೆಯಿಂದಲೇ ಗೂಡು ಸಾರಿಸಿಕೊಂಡು ಮಲಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಚಹಾ ಕುಡಿದ ಮಣ್ಣಿನ ಕುಡಿಕೆಯಲ್ಲಿ ಒದ್ದೆ ಮಣ್ಣು ತುಂಬಿ ಅದನ್ನು ಇಟ್ಟೆ. ಮರುದಿನ ಬೆಳಿಗ್ಗೆ ಉಂಡೆ ಬಿಚ್ಚಿಕೊಂಡಿತ್ತು. ಹುಳ ಕುಡಿಕೆಯ ಅಂಚಿಗೆ ಬಂದು ತಲೆಯಾಡಿಸುತ್ತಿತ್ತು. ನಿರಾಪದ ಬಗ್ಗಿ ನೋಡಿ, "ಇದು ಗಿಡದ ಬೇರು ತಿನ್ನುತ್ತದೆ, ಬದುಕಿಸಿ ಏನು ಲಾಭ?" ಎಂದ. ಬೇರು ತಿನ್ನುವುದಿಲ್ಲ, ಕೊಳೆತ ಎಲೆ ತಿನ್ನುತ್ತದೆ, ಅದು ಓಡಾಡಿದ ದಾರಿಯಲ್ಲೇ ಮಳೆನೀರು ಕೆಳಗಿಳಿಯುತ್ತದೆ ಎಂದು ಅವನನ್ನು ಒಪ್ಪಿಸಲು ನನಗೆ ವರ್ಷಗಳೇ ಹಿಡಿದವು. ನನ್ನ ಹರಕು ಬಂಗಾಳಿಯೂ ಅದಕ್ಕೆ ಕಾರಣ.

ನಮ್ಮ ಮೇಲಧಿಕಾರಿ ಮುಖರ್ಜಿ ಸಾಹೇಬರು. ಕಟ್ಟಡ, ರಸ್ತೆ, ತೋಟ ಎಲ್ಲವೂ ಅವರ ಕೈಕೆಳಗೆ. ಕೆಟ್ಟವರೇನಲ್ಲ. ಮಾಲಿಗಳಿಗೆ ಕಾಯಿಲೆಯಾದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ನೆಲ ಎಂದರೆ ಗುಡಿಸಿ ಒರೆಸಿದ ಹಾಗಿರಬೇಕು ಎನ್ನುವವರು. ಬೇಸಿಗೆಯಿಡೀ ಮರಗಳು ಎಲೆ ಉದುರಿಸುತ್ತವೆ. ಪ್ರತಿ ಸಂಜೆ ಅದನ್ನೆಲ್ಲ ಗುಡಿಸಿ ರಾಶಿ ಹಾಕಿ ಸುಡುತ್ತಿದ್ದರು. ನೆಲಕ್ಕೆ ನೆರಳೂ ಇಲ್ಲ, ಹುಳಕ್ಕೆ ತಿನ್ನಲು ಅನ್ನವೂ ಇಲ್ಲ.

ಒಂದು ಸಲ ಧೈರ್ಯ ಮಾಡಿ ಅವರ ಕೋಣೆಗೆ ಹೋದೆ.

"ಸರ್, ಎಲೆ ಸುಡುವುದು ಬೇಡ. ಪಾತಿಗಳ ಮೇಲೆ ಹರಡುತ್ತೇನೆ."

"ಮಿಸ್ ಪಾಟೀಲ್, ಇದು ಕ್ಯಾಂಪಸ್. ಕಾಡಲ್ಲ."

"ಬೇಸಿಗೆ ಮುಗಿಯುವವರೆಗೆ ಮಾತ್ರ, ಸರ್."

ಅವರು ಕಿಟಕಿಯಾಚೆ ನೋಡಿದರು. "ಯಾರಿಗೂ ಕಾಣದ ಜಾಗ ಇದ್ದರೆ ತಗೊಳ್ಳಿ. ಮುಂದಿನ ಲಾನ್ ಹತ್ತಿರ ಒಂದು ಎಲೆಯೂ ಕಾಣಬಾರದು."

ಹಾಗೆ ನನಗೆ ಸಿಕ್ಕಿದ್ದು ಹಿಂದಿನ ಕಾಂಪೌಂಡ್ ಗೋಡೆಯ ಉದ್ದಕ್ಕೂ ಇದ್ದ ಪಟ್ಟಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರೊಫೆಸರುಗಳ ಕ್ವಾರ್ಟರ್ಸಿನ ಹಿತ್ತಲುಗಳು. ಕಲಿಯುವುದನ್ನೆಲ್ಲ ಅಲ್ಲೇ ಕಲಿತೆ. ಒಣ ನೆಲದ ಮೇಲೆ ಬರಿದೇ ಎಲೆ ಹಾಸಿದರೆ ಗಾಳಿಗೆ ಹಾರಿಹೋಗುತ್ತದೆ. ಮೊದಲು ನೆಲಕ್ಕೆ ಚೆನ್ನಾಗಿ ನೀರುಣಿಸಿ, ಎಲೆ ಹಾಸಿ, ಮೇಲೆ ಹಳೆಯ ಸೆಣಬಿನ ಗೋಣಿ ಹೊದಿಸಬೇಕು. ಗೋಣಿಗೆ ಈ ಊರಲ್ಲಿ ಬರವಿಲ್ಲ. ಕೊಳದ ಮೇಲೆ ಬೆಳೆಯುವ ಕಚುರಿಪಾನಾ ಎಂಬ ನೀರುಕಳೆಯೂ ಒಳ್ಳೆಯ ಹೊದಿಕೆ, ದಡದಲ್ಲಿ ಪೂರ್ತಿ ಒಣಗಿಸಿ ಹಾಕಿದರೆ. ದಿನಾ ನಾಲ್ಕು ಹನಿ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ, ಸಂಜೆ ಹೊತ್ತು, ಆಳಕ್ಕೆ ಇಳಿಯುವಂತೆ ನಿಧಾನವಾಗಿ ನೀರು ಬಿಡುವುದು ಮೇಲು. ಗುದ್ದಲಿ ಮುಟ್ಟಬಾರದು, ಅದು ಹುಳಗಳನ್ನು ಕತ್ತರಿಸುತ್ತದೆ. ಅಗೆಯಲೇಬೇಕಾದರೆ ಹಲ್ಲಿರುವ ಫೋರ್ಕ್ ಸಾಕು. ರಾಸಾಯನಿಕ ಗೊಬ್ಬರವನ್ನು ಒಣ ಮಣ್ಣಿಗೆ ಎರಚಿದರೆ ಹುಳಕ್ಕೆ ಗಾಯದ ಮೇಲೆ ಉಪ್ಪು ಹಾಕಿದಂತೆ. ಇವಿಷ್ಟೇ. ಉಳಿದದ್ದು ಕಾಯುವ ಕೆಲಸ.

ಗೋಣಿ ಹೊದಿಸಿದ ಮೇಲೆ ಅದನ್ನು ದಿನಾ ಎತ್ತಿ ನೋಡಬೇಡಿ. ಒಳಗಿನ ತೇವ ಹೋಗುತ್ತದೆ. ನನಗೂ ಈ ಚಟ ಬಿಡಲು ತುಂಬ ಕಷ್ಟವಾಯಿತು. ಇಡೀ ದಿನದಲ್ಲಿ ನೋಡಿ ಸಂತೋಷಪಡಲು ಬೇರೇನೂ ಇರಲಿಲ್ಲ.

ಒಂದು ಸಂಜೆ ಹಾಗೆ ಗೋಣಿಯ ಅಂಚು ಎತ್ತಿ, "ಅದೀರೇನಪಾ ಒಳಗ?" ಎಂದು ಕೇಳುತ್ತಿದ್ದೆ. ಬೇಲಿಯಾಚೆಯಿಂದ ಒಂದು ಹೆಂಗಸಿನ ದನಿ ಬಂತು.

"ನೀವು ಕನ್ನಡದವರಾ? ಯಾರ ಹತ್ರ ಮಾತಾಡುದು ಅಲ್ಲಿ?"

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಹೊಸದಾಗಿ ಬಂದ ಪ್ರೊಫೆಸರರ ಹೆಂಡತಿ ಸುಮತಿ, ಉಡುಪಿಯವರು. ನನಗಿಂತ ಹಿರಿಯರು. ಎಷ್ಟೋ ತಿಂಗಳಾಗಿತ್ತು, ಎದುರಿಗೆ ನಿಂತ ಮನುಷ್ಯರಿಂದ ಕನ್ನಡ ಕೇಳಿ.

"ಹೌದ್ರಿ. ಎರೆಹುಳದ ಜೋಡಿ ಮಾತಾಡಾಕತ್ತಿದ್ದೆ."

"ಅವು ಉತ್ತರ ಕೊಡ್ತವಾ?"

"ಇಲ್ರಿ. ಕೇಳತಾವು ಅಷ್ಟ."

"ಹಾಗಾದ್ರೆ ನಮ್ಮ ಪ್ರೊಫೆಸರಿಗಿಂತ ಅಡ್ಡಿಯಿಲ್ಲ," ಎಂದು ನಕ್ಕರು. "ಒಳಗೆ ಬನ್ನಿ. ನನ್ನ ಬಸಳೆ ಸಾಯ್ತಾ ಉಂಟು, ಒಮ್ಮೆ ನೋಡಿ."

ಅವರ ಹಿತ್ತಲು ಸಿಮೆಂಟಿನ ಹಾಗಿತ್ತು. ಹಿಂದಿನವರು ಅಲ್ಲಿ ಬಟ್ಟೆ ಒಣಗಿಸುವುದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಾನು ಎಲೆ, ಗೋಣಿ ಕೊಟ್ಟೆ. ಅವರು ತಮ್ಮೂರಿನ ಪದ್ಧತಿ ಹೇಳಿದರು. ಅಲ್ಲಿ ತೆಂಗಿನ ಸಿಪ್ಪೆಯನ್ನು ಮಣ್ಣಲ್ಲಿ ಹೂಳುತ್ತಾರಂತೆ. ಅದು ನೀರು ಹೀರಿ ಇಟ್ಟುಕೊಂಡು ಬೇಸಿಗೆಯಲ್ಲಿ ಗಿಡಕ್ಕೆ ಬಿಟ್ಟುಕೊಡುತ್ತದಂತೆ. ಗೇಟಿನ ಹೊರಗೆ ಎಳನೀರು ಮಾರುವವನ ಹತ್ತಿರ ಖಾಲಿ ಬುರುಡೆಗಳ ಗುಡ್ಡವೇ ಇತ್ತು. ನಿರಾಪದ ಮೂರು ಗಾಲಿಯ ಸೈಕಲ್ ವ್ಯಾನಿನಲ್ಲಿ ಹೇರಿಕೊಂಡು ಬಂದ. ಕಾಲುವೆಯ ಹಾಗೆ ಅಗೆದು, ಒಡೆದ ಬುರುಡೆಗಳನ್ನು ನೆನೆಸಿ, ಬಾಯಿ ಮೇಲೆ ಮಾಡಿ ಜೋಡಿಸಿ, ಮಣ್ಣು ಮುಚ್ಚಿ, ಎಲೆ ಹೊದಿಸಿದೆವು. ಮುಂದಿನ ಚೈತ್ರದಲ್ಲಿ ಒಂದು ಬುರುಡೆ ತೆಗೆದು ನೋಡಿದರೆ ನಾರಿನ ನಡುವೆ ಎರೆಹುಳಗಳು ತುಂಬಿಕೊಂಡಿದ್ದವು. ಸುತ್ತಲಿನ ನೆಲ ಬಿರುಕು ಬಿಟ್ಟಿದ್ದಾಗ ಅವು ಅಲ್ಲಿ ಎಚ್ಚರವಾಗಿದ್ದವು, ಓಡಾಡುತ್ತಿದ್ದವು. ಆ ಸಂಜೆ ಸುಮತಿಯಕ್ಕ ನೀರು ದೋಸೆ ಹಾಕಿ ಕೊಟ್ಟರು. ನಿರಾಪದ ಅದನ್ನು ಬೆಲ್ಲ ಹಚ್ಚಿ ತಿಂದ.

ಆಮೇಲಿನ ಬೇಸಿಗೆಗಳು ಚೆನ್ನಾಗಿ ಕಳೆದವು. ಕೆಲಸ ಮುಗಿಸಿ ಬೇಲಿ ದಾಟಿ ಅವರ ಹಿತ್ತಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಾನು ಅಂದ 'ಹೌದ್ರಿ'ಗೆ ಅವರಿಗೆ ನಗು, ಅವರ 'ಉಂಟು'ವಿಗೆ ನನಗೆ ನಗು. ಅವರ ಮಗಳು ಪುಣೆಯಲ್ಲಿ ಓದುತ್ತಿದ್ದಳು. ಅವಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಇವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಪ್ರೊಫೆಸರು ಒಳಗೆ ಓದುತ್ತಿರುತ್ತಿದ್ದರು. ನಾನು ಅವರನ್ನು ಕಿಟಕಿಯಲ್ಲಿ ಕಂಡದ್ದೇ ಹೆಚ್ಚು.

ಈ ನಡುವೆ ಮುಂದಿನ ಲಾನಿನಲ್ಲಿ ಎರಡು ಪ್ರಸಂಗ ನಡೆದವು. ಯಾರೋ ದೊಡ್ಡವರು ಬರುವವರಿದ್ದರು. ಹುಲ್ಲಿನ ಮೇಲೆ ಎರೆಹುಳಗಳು ಹಾಕಿದ ಹಿಕ್ಕೆಯ ಸಣ್ಣ ಗುಪ್ಪೆಗಳು ಮುಖರ್ಜಿ ಸಾಹೇಬರಿಗೆ ಹೇಸಿಗೆಯಾಗಿ ಕಂಡವು. ನಾನು ಬೇಡವೆಂದರೂ ಗುತ್ತಿಗೆಯವರಿಂದ ಔಷಧಿ ಹೊಡೆಸಿದರು. ಮರುದಿನ ಹುಳಗಳೆಲ್ಲ ಮೇಲೆದ್ದು ಕಾಂಕ್ರೀಟಿನ ದಾರಿಯ ಮೇಲೆ ಸತ್ತು ಬಿದ್ದಿದ್ದವು. ನಿರಾಪದ ಅವನ್ನೆಲ್ಲ ಗುಡಿಸಿದ. ಹುಳ ಬೇರು ತಿನ್ನುತ್ತದೆ ಎನ್ನುವ ಮಾತು ಆ ದಿನದಿಂದ ಅವನ ಬಾಯಲ್ಲಿ ಬರಲಿಲ್ಲ.

ಲಾನು ಗಟ್ಟಿಯಾಗುತ್ತ ಹೋಯಿತು. ಕೆಲವು ವರ್ಷಗಳ ಮೇಲೆ ಎರೆಹುಳದ ಮಹಿಮೆ ಸಾಹೇಬರಿಗೆ ಪತ್ರಿಕೆಯೊಂದರಿಂದ ತಿಳಿಯಿತು. ನನ್ನನ್ನು ಕೇಳದೆ ಪೆಟ್ಟಿಗೆಗಟ್ಟಲೆ ಹುಳ ತರಿಸಿ, ಸುಡುವ ಚೈತ್ರದಲ್ಲಿ ಲಾನಿಗೆ ಬಿಡಿಸಿದರು. ಅವು ಕಾಂಪೋಸ್ಟ್ ತೊಟ್ಟಿಯಲ್ಲಿ ಬೆಳೆಯುವ ಕೆಂಪು ಹುಳಗಳು. ಕೊಳೆತ ಕಸದ ರಾಶಿಯಲ್ಲಿ ಬದುಕುವಂಥವು, ಗಟ್ಟಿ ನೆಲದಲ್ಲಿ ಬಿಲ ತೋಡುವಂಥವಲ್ಲ. ಸಂಜೆಯೊಳಗೆ ಮೈನಾ ಹಕ್ಕಿಗಳ ಹಬ್ಬ ಮುಗಿದಿತ್ತು.

"ನೀವು ಯಾಕೆ ಹೇಳಲಿಲ್ಲ ಮಿಸ್ ಪಾಟೀಲ್?" ಎಂದರು.

"ಕೇಳಿದ್ದರೆ ಹೇಳುತ್ತಿದ್ದೆ, ಸರ್. ಹುಳ ತಂದು ಬಿಟ್ಟರೆ ಇರುವುದಿಲ್ಲ. ಮಣ್ಣು ಸರಿಯಾದರೆ ಅವೇ ಬರುತ್ತವೆ."

ಅವರು ತಲೆಯಾಡಿಸಿದರು. ಆದರೆ ಎಲೆ ಸುಡುವುದು ನಿಲ್ಲಲಿಲ್ಲ.

ಆಮೇಲೆ ಬಂತು ಆ ವರ್ಷ. ಚಳಿಗಾಲದಲ್ಲಿ ಬೀಳುವ ಒಂದೆರಡು ಮಳೆಯೂ ಬೀಳಲಿಲ್ಲ. ಫಾಲ್ಗುಣದಲ್ಲೇ ಕೊಳ ತಳ ಕಂಡಿತು. ತೋಟದ ಪಂಪು ನಿಲ್ಲಿಸಿದರು. ಇದ್ದ ನೀರೆಲ್ಲ ಘಟಿಕೋತ್ಸವಕ್ಕಾಗಿ ಮುಂದಿನ ಲಾನಿಗೆ. ಹಿಂದಿನ ಪಟ್ಟಿಗೆ, ಕ್ವಾರ್ಟರ್ಸಿನ ಹಿತ್ತಲುಗಳಿಗೆ ಒಂದು ಬಕೆಟ್ಟೂ ಕೊಡಬಾರದೆಂದು ಆಜ್ಞೆಯಾಯಿತು.

ಅದೇ ಸಮಯಕ್ಕೆ ಸುಮತಿಯಕ್ಕ ಆಸ್ಪತ್ರೆ ಸೇರಿದರು. ಹೊಟ್ಟೆಯಲ್ಲಿ ಗಡ್ಡೆ ಎಂದರು. ನಾನು ನೋಡಲು ಹೋದಾಗ ಮುಖ ಸಣ್ಣದಾಗಿತ್ತು.

"ಗಿರಿಜಾ, ಹಿತ್ತಲು ಹೇಗುಂಟು?"

"ಛಲೋ ಐತ್ರಿ."

"ಸುಳ್ಳು ಹೇಳ್ಬೇಡ ಮಾರಾಯ್ತಿ. ನೀರಿಲ್ಲ ಅಂತ ನರ್ಸ್ ಹೇಳಿದ್ಲು, ಅವಳ ಮನೆ ಕಡೆಯೂ ಹಾಗೇ ಅಂತೆ. ಬಸಳೆ ಹೋದ್ರೆ ಹೋಗ್ಲಿ. ಬಳ್ಳಿ ಮತ್ತೆ ನೆಡ್ಬಹುದು. ಹುಳ ಹೋದ್ರೆ ಮತ್ತೆ ಅಷ್ಟು ವರ್ಷ ನನ್ನ ಹತ್ರ ಇಲ್ಲ."

ಅವರಿಗೆ ಎಲ್ಲ ಗೊತ್ತಿತ್ತು ಅಂತ ನನಗೆ ಆಗಲೇ ತಿಳಿಯಿತು.

ಹಾಸ್ಟೆಲ್ ಅಡಿಗೆಮನೆಯಲ್ಲಿ ದಿನಾ ಡ್ರಮ್ಮುಗಟ್ಟಲೆ ಅಕ್ಕಿ ತೊಳೆದ ನೀರು ಮೋರಿಗೆ ಹೋಗುತ್ತಿತ್ತು. ಅಡಿಗೆಯವರನ್ನು ಕೇಳಿದೆ, ತಗೊಂಡು ಹೋಗಿ ಎಂದರು. ತರಕಾರಿ ತೊಳೆದ ನೀರೂ ಸಿಕ್ಕಿತು. ಉಪ್ಪು, ಸೋಪು ಬೆರೆತದ್ದನ್ನು ಮಾತ್ರ ಬೇಡವೆಂದೆ. ನಿರಾಪದ ಸಂಜೆ ಸಂಜೆ ಸೈಕಲ್ ವ್ಯಾನಿನಲ್ಲಿ ಡ್ರಮ್ಮು ಸಾಗಿಸುತ್ತಿದ್ದ. ಅದು ಅವನ ಕೆಲಸವಾಗಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ. ಇಡೀ ಪಟ್ಟಿಗೆ ಆ ನೀರು ಸಾಲುತ್ತಿರಲಿಲ್ಲ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಾಕಿದರೆ ಎಲ್ಲೂ ಉಳಿಯುವುದಿಲ್ಲ. ನನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚನ್ನು ಕೈಬಿಟ್ಟೆ. ಎಷ್ಟೋ ಬೇಸಿಗೆ ಕಾಪಾಡಿದ ನೆಲ ಅದು. ಅಲ್ಲಿನ ಗೋಣಿ, ಎಲೆ ಎಲ್ಲ ತೆಗೆದು ತಂದು ಸುಮತಿಯಕ್ಕನ ಹಿತ್ತಲಿಗೂ ಅದಕ್ಕೆ ಹೊಂದಿಕೊಂಡ ಪಟ್ಟಿಯ ತುಂಡಿಗೂ ದಪ್ಪನಾಗಿ ಹೊದಿಸಿದೆ. ನೀರನ್ನು ಹೂತಿಟ್ಟ ಬುರುಡೆಗಳ ಸಾಲಿಗೇ ಬಿಟ್ಟೆ. ಬರದಲ್ಲಿ ಯಾವುದನ್ನು ಬಿಡಬೇಕು ಎಂದು ತೀರ್ಮಾನ ಮಾಡುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಅದನ್ನು ನಿಮಗೆ ಯಾವ ಕಾಲೇಜೂ ಕಲಿಸುವುದಿಲ್ಲ.

ಚೈತ್ರದ ನಡುವೆ ಸುಮತಿಯಕ್ಕನನ್ನು ಮನೆಗೆ ತಂದರು. ಮಾಡುವುದೇನೂ ಉಳಿದಿಲ್ಲ ಎಂದಿದ್ದರು. ಹಿತ್ತಲಿನ ಬಾಗಿಲವರೆಗೂ ನಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಒಂದು ಸಂಜೆ ನಾನೇ ಒಂದು ಬುರುಡೆಯನ್ನು ಮಣ್ಣಿನ ಸಮೇತ ಎತ್ತಿ, ಬಾಳೆಲೆಯ ಮೇಲಿಟ್ಟು, ಅವರ ಹಾಸಿಗೆಯ ಹತ್ತಿರ ತಂದೆ. ಪ್ರೊಫೆಸರು ಬಾಗಿಲಲ್ಲಿ ನಿಂತು, "ಇದನ್ನು ಒಳಗೆ ಯಾಕೆ ತಂದಿರಿ? ಇನ್‌ಫೆಕ್ಷನ್ ಆದರೆ?" ಎಂದರು.

"ತರ್ಲಿ ಬಿಡಿ," ಎಂದರು ಸುಮತಿಯಕ್ಕ. "ಇನ್ನೆಂಥ ಇನ್‌ಫೆಕ್ಷನ್."

ನಾರನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದೆ. ಒಳಗೆ ತಂಪು, ಕಪ್ಪು ಮಣ್ಣು. ದೊಡ್ಡದೊಂದು, ಅದರ ಹತ್ತಿರ ದಾರದೆಳೆಯಂಥ ಮರಿಗಳು. ಸುಮತಿಯಕ್ಕ ಕೈ ಚಾಚಿದರು. ಬೆರಳು ಒಣಗಿ ಕಡ್ಡಿಯಾಗಿತ್ತು. ಹುಳ ಬೆರಳಿನ ಮೇಲೆ ಹತ್ತಿ, ಇಳಿದು, ಮಣ್ಣಿಗೆ ಮರಳಿತು.

"ಮರಿ ಉಂಟಲ್ಲ," ಎಂದರು. ಬಹಳ ಹೊತ್ತು ಬೆರಳನ್ನು ಮಣ್ಣಿನಲ್ಲೇ ಇಟ್ಟುಕೊಂಡಿದ್ದರು. ಪ್ರೊಫೆಸರು ಬಂದು ಬುರುಡೆ ಜಾರದಂತೆ ಕೆಳಗೆ ಕೈ ಕೊಟ್ಟು ಹಿಡಿದರು.

ಆ ವಾರ ಮುಗಿಯುವ ಮುಂಚೆ ಸುಮತಿಯಕ್ಕ ತೀರಿಕೊಂಡರು. ಮಗಳು ಬಂದಳು. ಬಂಗಾಳಿ ನೆರೆಯವರು ಎಲ್ಲ ಕೆಲಸಕ್ಕೂ ನಿಂತರು. ನಾನು ಹಿಂದೆ ನಿಂತಿದ್ದೆ. ತೋಟದ ಮ್ಯಾಡಮ್ ಯಾಕೆ ಅಳುತ್ತಿದ್ದಾರೆ ಎಂದು ಯಾರೋ ಯಾರನ್ನೋ ಕೇಳಿದ್ದು ಕಿವಿಗೆ ಬಿತ್ತು.

ನೀರು ಹಾಕುವುದನ್ನು ನಿಲ್ಲಿಸುವಂತಿರಲಿಲ್ಲ, ಬಿಸಿಲು ಇನ್ನೂ ಹಾಗೇ ಇತ್ತು. ಒಂದು ಸಂಜೆ ಪ್ರೊಫೆಸರು ಹಿತ್ತಲಿಗೆ ಬಂದು ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ಒಂದು ಪಾತ್ರೆ.

"ಅಕ್ಕಿ ತೊಳೆದ ನೀರು. ಇಲ್ಲಿಗೆ ಹಾಕಬಹುದಾ ಗಿರಿಜಾ ಅವರೇ?"

"ಹಾಕ್ರಿ ಸರ್. ಮೆಲ್ಲಕ, ಒಂದ ಕಡೆ."

ಹಾಕಿದರು. ನೀರು ಎಲೆಗಳ ನಡುವೆ ಇಳಿದುಹೋಗುವುದನ್ನು ನೋಡುತ್ತ ಕೇಳಿದರು, "ನೀವಿಬ್ಬರೂ ಇಷ್ಟು ವರ್ಷ ಇಲ್ಲಿ ಕೂತು ಏನು ಮಾತಾಡುತ್ತಿದ್ದಿರಿ?"

"ಹೆಚ್ಚಿಗಿ ಏನಿಲ್ರಿ. ಅಡಿಗಿ ಬಗ್ಗೆ, ಸಣ್ಣವರಿದ್ದಾಗಿನ ಸುದ್ದಿ. ಅಕ್ಕಾರು ಸಣ್ಣವರಿದ್ದಾಗ ಯಕ್ಷಗಾನ ನೋಡಾಕ ಕದ್ದು ಹೋಗಿದ್ದು."

"ಕದ್ದು ಹೋಗಿದ್ದಳಾ?"

"ಹೌದ್ರಿ. ನಿಮಗ ಗೊತ್ತಿಲ್ಲೇನು?"

"ಇಲ್ಲ. ನಾನು ಕೇಳಲಿಲ್ಲ," ಎಂದರು. ಪಾತ್ರೆಯನ್ನು ಕೆಳಗಿಟ್ಟು, "ಹೇಳಿ, ಏನಾಯಿತು ಆಗ?" ಎಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮರುದಿನ ಅವರು ಮಗಳ ಜೊತೆ ಅಸ್ಥಿ ತೆಗೆದುಕೊಂಡು ಉಡುಪಿಗೆ ಹೊರಟರು. ಅವರ ನಿವೃತ್ತಿಗೆ ಕೆಲವೇ ತಿಂಗಳಿತ್ತು. ರಜೆ ಹಾಕಿ ಅಲ್ಲೇ ಉಳಿದರು. ಮನೆಗೆ ಬೀಗ ಬಿತ್ತು.

ವೈಶಾಖದ ಮೊದಲ ಬಿರುಗಾಳಿ ಒಂದು ಮಧ್ಯಾಹ್ನ ಬಂತು. ಬಂಗಾಳದಲ್ಲಿ ಅದಕ್ಕೆ ಕಾಲಬೈಶಾಖಿ ಎನ್ನುತ್ತಾರೆ. ಆಕಾಶ ಕಪ್ಪಾಗಿ, ಗಾಳಿ ಎದ್ದು, ಮಳೆ ಕೊಡದಿಂದ ಸುರಿದಂತೆ ಸುರಿಯಿತು. ನಿಂತ ಮೇಲೆ ಮುಖರ್ಜಿ ಸಾಹೇಬರು ಛತ್ರಿ ಹಿಡಿದು ತೋಟ ನೋಡಲು ಹೊರಟರು. ನಾನೂ ನಿರಾಪದನೂ ಹಿಂದೆ. ಬೇಸಿಗೆಯಿಡೀ ನೀರು ಕುಡಿದ ಮುಂದಿನ ಲಾನು ಕೆರೆಯಾಗಿತ್ತು. ನೀರು ಒಳಗೆ ಹೋಗಲು ದಾರಿಯಿಲ್ಲದೆ ನಿಂತು, ಮೇಲ್ಮಣ್ಣನ್ನು ಕೊಚ್ಚಿಕೊಂಡು ರಸ್ತೆಗೆ ಹರಿಯುತ್ತಿತ್ತು. ನಾನು ಕೈಬಿಟ್ಟ ಪಟ್ಟಿಯ ಭಾಗವೂ ಕೆಸರಾಗಿತ್ತು. ಸುಮತಿಯಕ್ಕನ ಹಿತ್ತಲಿಗೆ ಬಂದೆವು. ಅಲ್ಲಿ ನೀರು ನಿಂತಿರಲಿಲ್ಲ. ಅಷ್ಟೂ ಮಳೆಯನ್ನು ನೆಲ ಕುಡಿದಿತ್ತು. ಸಾಹೇಬರು ಬೂಟಿನ ತುದಿಯಿಂದ ಗೋಣಿಯ ಅಂಚು ಸರಿಸಿದರು. ಎಲೆಯ ಕೆಳಗೆ ಹೊಸ ಹಿಕ್ಕೆಯ ಗುಪ್ಪೆಗಳು, ನೆಲದ ತುಂಬ ಸಣ್ಣ ರಂಧ್ರಗಳು.

"ಇಲ್ಲಿಗೆ ಯಾವ ನೀರು ಕೊಟ್ಟಿರಿ?"

"ಅಕ್ಕಿ ತೊಳೆದದ್ದು, ಸರ್."

ಅವರು ಗೋಣಿಯನ್ನು ಬಗ್ಗಿ ಕೈಯಿಂದಲೇ ಮೊದಲಿನ ಹಾಗೆ ಎಳೆದು ಮುಚ್ಚಿದರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ಇನ್ನು ಮುಂದೆ ಕ್ಯಾಂಪಸ್ಸಿನಲ್ಲಿ ಎಲ್ಲೂ ಎಲೆ ಸುಡುವುದು ಬೇಡ. ಮುಂದಿನ ಲಾನನ್ನೂ ನಿಮ್ಮ ರೀತಿಯಲ್ಲೇ ಮಾಡಿ," ಎಂದರು.

ಆ ನಂತರ ಎಷ್ಟೋ ವರ್ಷ ಕೆಲಸ ಮಾಡಿದೆ. ಮುಂದಿನ ಲಾನಿನಲ್ಲಿ ಹುಳ ಮರಳಿ ಕಾಣಿಸಿಕೊಳ್ಳಲು ಬಹಳ ಕಾಲ ಹಿಡಿಯಿತು, ಆದರೆ ಬಂದವು. ನನಗೆ ನೆನಪಾಗುವುದು ಅದಲ್ಲ, ಆ ಬೆಳಿಗ್ಗೆ. ಸಾಹೇಬರ ಕೋಣೆಯಿಂದ ಹೊರಬಿದ್ದವಳು ನೇರ ಕ್ವಾರ್ಟರ್ಸ್ ಕಡೆ ನಡೆದೆ. ಬೇಗ ಬೇಗ ಹೆಜ್ಜೆ ಹಾಕುತ್ತ, ಸುಮತಿಯಕ್ಕನಿಗೆ ಹೇಗೆ ಹೇಳಬೇಕು, ಸಾಹೇಬರ ಮುಖ ಹೇಗಿತ್ತು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಬೇಲಿಯ ಹತ್ತಿರ ಬಂದಾಗ ಬಾಗಿಲಿನ ಬೀಗ ಕಂಡಿತು. ಅಲ್ಲೇ ನಿಂತೆ.

ನಿರಾಪದ ಗೋಡೆಯ ಹತ್ತಿರ ಒದ್ದೆ ಎಲೆಗಳನ್ನು ಹರಡುತ್ತಿದ್ದ. ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನಿಗೆ ತಿಳಿಯುವ ಭಾಷೆಯಲ್ಲಲ್ಲ. ಕನ್ನಡದಲ್ಲೇ, ನಮ್ಮ ಹಾವೇರಿಯ ಮಾತಿನಲ್ಲೇ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವನು ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟು ನಿಂತು ಕೇಳಿದ. ಒಂದು ಮಾತೂ ಅರ್ಥವಾಗಿರಲಾರದು. ನಡುವೆ ಒಮ್ಮೆಯೂ ತಡೆಯಲಿಲ್ಲ. ನಾನು ಮುಗಿಸಿದ ಮೇಲೆ ತಲೆಗೆ ಸುತ್ತಿದ್ದ ಗಮ್ಛಾ ಬಿಚ್ಚಿ, ಮುಖ ಒರೆಸಿಕೊಂಡು, "ಭಾಲೋ, ದಿದಿ," ಎಂದ. ಒಳ್ಳೆಯದಾಯಿತು ಎಂದು ಅದರ ಅರ್ಥ. ಆಮೇಲೆ ನಾವಿಬ್ಬರೂ ಬಗ್ಗಿ ಉಳಿದ ಎಲೆಗಳನ್ನು ಹರಡಿದೆವು.